ಮಾವನವರು ಮಾಡಿಸಿದ ಲಗ್ನಪತ್ರಿಕೆ

ನಮ್ಮ ಮಾವನವರ ಕಿವಿಗಳು ದೊಡ್ಡವು, ಒಳಗೆಲ್ಲ ಬಿಳಿ ಕೂದಲು. ಯಾವ ಕಾಗದ ಕೈಗೆ ಬಂದರೂ ಮೊದಲು ಆ ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಚಿಮ್ಮುತ್ತಿದ್ದರು. 'ಚಟ್' ಎಂದರೆ ತಲೆದೂಗುವರು, 'ಪುಸ್' ಎಂದರೆ ಮುಖ ಕಿವುಚುವರು. ಮಾನ್ವಿಯ ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರರಾಗಿದ್ದ ಅವರು ಸಾಬೂನಿನ ಹೊದಿಕೆ, ಬಿಸ್ಕೀಟಿನ ಪಾಕೀಟು, ಹತ್ತಿಬೀಜದ ಚೀಲ ಯಾವುದನ್ನೂ ಬಿಸಾಡಲು ಬಿಡುತ್ತಿರಲಿಲ್ಲ. ಅಕ್ಷರಗಳನ್ನು ಅಂಗೈಯಿಂದ ಮುಚ್ಚಿ, "ಈಗ ಹೇಳ್ರಲೇ, ಒಳಗೇನದ?" ಎಂದು ಮಕ್ಕಳನ್ನು ಕೇಳುತ್ತಿದ್ದರು.

ಅವರ ಮಗಳೊಂದಿಗೆ ನನ್ನ ಮದುವೆ ಗೊತ್ತಾದಾಗ ಲಗ್ನಪತ್ರಿಕೆಯನ್ನು ತಾವೇ ಬಿಡಿಸಿದರು. ದಪ್ಪ ಬಿಳಿ ಕಾಗದ, ಸುತ್ತಲೂ ಕಪ್ಪು ಗೆರೆಯ ರಂಗೋಲಿ. ಅಷ್ಟು ಚೆಂದದ ಪತ್ರಿಕೆಯನ್ನು ನಾನು ಕಂಡಿರಲಿಲ್ಲ. ಆದರೆ ದೇವದುರ್ಗದ ನಮ್ಮ ಮನೆಯಲ್ಲಿ ಅದನ್ನು ಮೊದಲು ಕೈಗೆತ್ತಿಕೊಂಡವಳು ಓದು ಬಾರದ ನನ್ನ ಅಜ್ಜಿ. ಬಿಳಿ ಕಾಗದಕ್ಕೆ ಕಪ್ಪು ಅಂಚಿದ್ದರೆ ನಮ್ಮ ಕಡೆ ಅದು ಸಾವಿನ ಸುದ್ದಿ.

"ಯಪ್ಪಾ, ಬೀಗರ ಮನ್ಯಾಗ ಯಾರು ಹೋದ್ರೋ!" ಎಂದು ಎದೆ ಬಡಿದುಕೊಂಡಳು. ಓಣಿಯೇ ಕೂಡಿತು. ಅಪಶಕುನವೆಂದು ಅಪ್ಪ ಸಂಬಂಧವನ್ನೇ ಮುರಿಯಲು ನಿಂತರು.

ನಾನು ಫೋನ್ ಮಾಡಿದ್ದೇ ತಡ, ಮಾವನವರು ಮರುದಿನ ಮೊದಲ ಬಸ್ಸಿಗೇ ಬಂದಿಳಿದರು. ಅಪ್ಪನಿಗೆ ಕೈಮುಗಿದು, ಅಜ್ಜಿಯ ಎದುರು ನೆಲದ ಮೇಲೆ ಕೂತರು.

"ತಪ್ಪು ನಂದ ಯವ್ವಾ. ಚಂದ ಅಷ್ಟ ನೋಡಿದೆ, ನೋಡೋರನ್ನ ಮರ್ತೆ. ಲಗ್ನದ ಪತ್ರಿಕಿ ನಿಮ್ಮ ಕಣ್ಣಿಗೆ ಹೆಂಗಿರಬೇಕ್ರಿ?"

"ಕೆಂಪಗಿರಬೇಕು. ಮಿಂಚಬೇಕು. ಎರಡು ಗಿಣಿ ಇರಬೇಕು."

"ಹಂಗಾರ ಏಳ್ರಿ. ರಾಯಚೂರಿನ ಪ್ರೆಸ್ಸಿಗೆ ಬಂದು ನೀವ ಆರಸ್ರಿ."

ನಾನೂ ಜೊತೆಗೆ ಹೋದೆ. ಪ್ರೆಸ್ಸಿನಲ್ಲಿ ಅಜ್ಜಿ ಹಾಳೆಗಳನ್ನು ಒಂದೊಂದಾಗಿ ಕೆನ್ನೆಗೆ ಒತ್ತಿ ನೋಡಿದಳು. ಮಾವನವರು ಜನ್ಮವಿಡೀ ಹಳಿಯುತ್ತ ಬಂದಿದ್ದ ಹೊಳೆಯುವ ಕೆಂಪು ಹಾಳೆಯನ್ನೇ ಆರಿಸಿದಳು. ಅದರ ಮೇಲೆ ಬಂಗಾರದ ಬಾಳೆಕಂಬ ಬಂದವು, ಗಿಣಿಗಳು ಬಂದವು. ಕೊನೆಗೆ, ಒಂದು ನವಿಲೂ ಇದ್ದರೆ ಚೆಂದ ಎಂದಳು. ಮಾವನವರು ಒಂದು ಸಲ ಕಣ್ಣು ಮುಚ್ಚಿ ತೆರೆದು, ಅಲ್ಲೇ ಕೂತು ಗರಿಬಿಚ್ಚಿದ ನವಿಲು ಬಿಡಿಸಿಕೊಟ್ಟರು. ಅಜ್ಜಿ ಬೊಚ್ಚುಬಾಯಿ ತುಂಬ ನಕ್ಕಳು. ಆ ಪತ್ರಿಕೆಯನ್ನು ಓಣಿಯ ಮನೆಮನೆಗೂ ತಾನೇ ಹಂಚಿ ಬಂದಳು. ಅಜ್ಜಿಯ ಸಂಭ್ರಮದ ಮುಂದೆ ಅಪ್ಪನ ಅಪಶಕುನ ಎಲ್ಲಿ ನಿಂತೀತು? ಮದುವೆ ಜೋರಾಗಿಯೇ ಆಯಿತು.

ನಾನೀಗ ರಾಯಚೂರಿನಲ್ಲಿ ಅಕ್ಕಿ ಚೀಲಗಳಿಗೆ ಚಿತ್ರ, ಬಣ್ಣ ಹೊಂದಿಸುವ ಕೆಲಸದಲ್ಲಿದ್ದೇನೆ. ಈ ದಾರಿಗೆ ಹಚ್ಚಿದವರು ಅವರೇ. ಹೊಸ ಚೀಲ ತೋರಿಸಿದಾಗಲೆಲ್ಲ, "ನಿಮ್ಮ ಅಜ್ಜಿಗೆ ತೋರಿಸೀರೇನು?" ಎಂದು ಕೇಳುತ್ತಿದ್ದರು. ಅಜ್ಜಿ ಇರುವ ತನಕ ಅವಳು ಒಪ್ಪದ ಚೀಲ ಹೊರಬೀಳಲಿಲ್ಲ.

ಹೋದ ವರ್ಷ ಮಾವನವರು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಸುದ್ದಿ ತಿಳಿದು ಅವರ ಶಿಷ್ಯರು ಮಾನ್ವಿಗೆ ಓಡಿಬಂದರು. ಬೋರ್ಡು ಬರೆಯುವವರು, ಪ್ರೆಸ್ಸಿನವರು, ಎಲ್ಲ ಕೆಲಸ ಅರ್ಧಕ್ಕೆ ಬಿಟ್ಟು ಬಣ್ಣದ ಕೈ ಕೂಡ ತೊಳೆಯದೆ ಬಂದಿದ್ದರು. ಅವರು ಹೆಗಲು ಕೊಡುವಾಗ ಮಾವನವರ ಮೈಮೇಲೆ ಹೊದಿಸಿದ್ದ ಬಟ್ಟೆಗೆ ನೀಲಿ, ಹಸಿರು ಬೆರಳ ಗುರುತುಗಳು ಮೂಡಿದವು. ನಾನು ಒರೆಸಲು ಹೋದೆ. ಹೆಂಡತಿ ನನ್ನ ಕೈ ಹಿಡಿದಳು.

"ಇರ್ಲಿ ಬಿಡ್ರಿ," ಎಂದಳು. "ಅಪ್ಪಗ ಒಪ್ತದ."