ಕಂಪೌಂಡ್ ದಾಟಿದ ಕಂಪು

ಗೆಳೆಯರೇ, ಇಂದು ಬೆಳಿಗ್ಗೆ ಹುನಗುಂದದ ನಮ್ಮ ಹಿತ್ತಲಿನ ಗುಲಾಬಿಗೆ ಕೊಡಲಿ ಬೀಳುವುದರಲ್ಲಿತ್ತು. ಆಳೆತ್ತರದ ಹಳೇ ಜವಾರಿ ಗಿಡ. ನಾಲ್ಕು ಹೂ ಅರಳಿದರೆ ಓಣಿಯೆಲ್ಲ ಘಮಘಮ. ಪಕ್ಕದ ಮನೆಯ ನಿವೃತ್ತ ಸರ್ವೇಯರ್ ಟೇಪು ಹಿಡಿದು ಗೋಡೆಯಾಚೆ ನಿಂತಿದ್ದರು.

“ಸರ, ನಿಮ್ಮ ಗಿಡ ಕಂಪೌಂಡ್ ದಾಟಿ ನಮ್ಮ ಹದ್ದಿನೊಳಗ ಎರಡು ಫೂಟು ಬಂದೈತಿ. ಕಡೀರಿ.”

“ಕಂಪು ಅಂದಮ್ಯಾಲ ಕಂಪೌಂಡ್ ದಾಟೂದ ಬಿಡ್ರಿ” ಎಂದೆ. ಅವರು ನಗಲಿಲ್ಲ.

ಅಷ್ಟರಲ್ಲಿ ಅವರ ಹೆಂಡತಿ ಒಳಗಿನಿಂದಲೇ ಕೂಗಿದರು: “ಏನ್ರಿ, ಆ ಟೊಂಗಿ ಕಡಸಬ್ಯಾಡ್ರಿ. ದಿನಾ ದೇವರಿಗೆ ಹೂ ನಾ ಎಲ್ಲಿಂದ ಹರೀತೇನಿ ಅಂತ ಮಾಡೀರಿ?”

ಸರ್ವೇಯರ್ ಸಾಹೇಬರು ಟೇಪು ಸುತ್ತಿಕೊಂಡರು. ಗಿಡ ಉಳಿಯಿತು.

ಆ ಕಡೆಯ ಟೊಂಗೆ ಹೂವೇ ಬಿಡುತ್ತಿಲ್ಲವೆಂದು ನಾನು ಎರಡು ವರ್ಷ ಸುರಿದ ಗೊಬ್ಬರವೆಲ್ಲ ನೇರವಾಗಿ ದೇವರಿಗೇ ಮುಟ್ಟಿದೆ.