ಕಾಮಸಮುದ್ರದ ನಾಯಿ ಓಟಕ್ಕೆ ಕಾವಲು ಹೋದದ್ದು

ಧನುರ್ಮಾಸದ ನಸುಕಿನ ಪೂಜೆ ಮುಗಿಸಿ, ನೈವೇದ್ಯದ ಹುಗ್ಗಿಯನ್ನೇ ಡಬ್ಬಿಗೆ ತುಂಬಿಕೊಂಡು ಬಂಗಾರಪೇಟೆ ಬಸ್ ನಿಲ್ದಾಣಕ್ಕೆ ಬಂದೆ. ಕಾಮಸಮುದ್ರದ ಮೊದಲ ಬಸ್ಸು ಹೊರಡುವುದರಲ್ಲಿತ್ತು. ಕಿಟಕಿ ಪಕ್ಕ ಸೀಟು ಸಿಕ್ಕಿತು, ಆ ಕಿಟಕಿಯ ಗಾಜು ಪೂರ್ತಿ ಮುಚ್ಚುವಂತೆಯೂ ಇತ್ತು. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಇಷ್ಟು ಉಪಕಾರ ಮಾಡಿದ ಸ್ವಾಮಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಚೀಲದಿಂದ ಹೊರಗೆ ಇಣುಕುತ್ತಿದ್ದ ಏರಿಯಲ್ ಕಡ್ಡಿಯನ್ನು ಕಂಡಕ್ಟರು ನೋಡಿಬಿಟ್ಟ.

"ಏನಮ್ಮಾ, ಪೊಲೀಸ್ನೋರ ವಾಕಿಟಾಕಿ ಎತ್ಕೊಂಡ್ ಬಂದ್ಬುಟ್ಟಿದ್ದೀಯಾ?"

"ನಂದೇ ಕಣಪ್ಪ. ಪರೀಕ್ಷೆ ಬರ್ದು ಲೈಸೆನ್ಸ್ ತಗೊಂಡಿದ್ದೀನಿ."

"ಅಂಗಾರೆ ಡ್ರೈವರ್‌ಗೆ ವಸಿ ಯೋಳು, ಬೇಗ ಓಡ್ಸ್ಲಿ," ಎಂದು ನಗುತ್ತಾ ಹಿಂದಕ್ಕೆ ಹೋದ.

ಹವ್ಯಾಸಕ್ಕೆ ವೈರ್‌ಲೆಸ್ಸಿನಲ್ಲಿ ಮಾತಾಡುವ ಈ ಹ್ಯಾಮ್ ರೇಡಿಯೋ ಹುಚ್ಚು ನನಗೆ ಅಂಟಿದ್ದು ಊರಿಗಾಂನ ಸೆಲ್ವರಾಜ್ ಮೇಷ್ಟ್ರಿಂದ. ನಿವೃತ್ತರಾದ ಮೇಲೆ ಅವರು ಅಲ್ಲಿನ ಹಳೆಯ ಚಿನ್ನದ ಗಣಿ ಕಂಪನಿಯ ಕಟ್ಟಡದ ಜಗಲಿಯಲ್ಲಿ ಭಾನುವಾರ ಪಾಠ ಹೇಳುತ್ತಿದ್ದರು. ಮೊದಲ ದಿನವೇ ಒಂದು ಮಾತು ಹೇಳಿದ್ದರು: "ಕಣ್ಣಲ್ಲಿ ಕಂಡದ್ದು ಮಾತ್ರ ಹೇಳಿ ಮಾ. ಮನಸ್ಸಲ್ಲಿ ಅಂದ್ಕೊಂಡದ್ದು ಹೇಳಬೇಡಿ. ನಿಮ್ಮ ಮಾತು ನಂಬಿ ಒಬ್ಬರು ಸಹಾಯಕ್ಕೆ ಗಾಡಿ ಹತ್ತುತ್ತಾರೆ."

ಬಸ್ಸು ಮುಕ್ಕಾಲು ಗಂಟೆಯಲ್ಲಿ ಕಾಮಸಮುದ್ರ ಮುಟ್ಟಿತು. ದಾರಿಯುದ್ದಕ್ಕೂ ಮಂಜು, ಟೊಮೆಟೊ ತೋಟದ ಗೂಟಗಳು ಮಾತ್ರ ಕಾಣುತ್ತಿದ್ದವು. ಸರ್ಕಾರಿ ಶಾಲೆಯ ಮೈದಾನದಲ್ಲಿ ಎಲ್ಲಿ ನೋಡಿದರೂ ನಾಯಿಗಳು. ಹಿಮ ಬೀಳುವ ದೇಶಗಳಲ್ಲಿ ನಾಯಿಗಳನ್ನು ಬಂಡಿಗೆ ಕಟ್ಟಿ ಓಡಿಸುತ್ತಾರಂತೆ. ನಮ್ಮಲ್ಲಿ ಹಿಮವೆಲ್ಲಿಂದ ಬರಬೇಕು? ಇಲ್ಲಿ ಓಡುವವರ ಸೊಂಟಕ್ಕೇ ಪಟ್ಟಿ, ಪಟ್ಟಿಗೆ ಹಗ್ಗ, ಹಗ್ಗದ ತುದಿಗೆ ನಾಯಿ. ನಾಯಿ ಮುಂದೆ ಎಳೆಯುತ್ತದೆ, ಮನುಷ್ಯ ಹಿಂದೆ ಓಡುತ್ತಾನೆ. ಆಂಧ್ರದ ಗಡಿ ಗುಡ್ಡ ಸುತ್ತಿ ಮತ್ತೆ ಶಾಲೆಗೆ ಬರಬೇಕು. ಗುಡ್ಡದ ಮರೆಯಲ್ಲಿ ಮೊಬೈಲು ಸಿಗುವುದಿಲ್ಲ, ಆನೆಗಳ ಓಡಾಟ ಬೇರೆ. ಅದಕ್ಕೇ ದಾರಿಯಲ್ಲಿ ಅಲ್ಲಲ್ಲಿ ನಮ್ಮಂಥವರ ಕಾವಲು. ಓಟಗಾರರ ಎದೆಯ ಮೇಲಿನ ನಂಬರು ನೋಡಿ ಸೆಟ್ಟಿನಲ್ಲಿ ಹೇಳುವುದು ನಮ್ಮ ಕೆಲಸ. ಒಂದು ಕಾವಲು ದಾಟಿದವರು ಹೊತ್ತಿಗೆ ಸರಿಯಾಗಿ ಮುಂದಿನದಕ್ಕೆ ಬರದಿದ್ದರೆ ಜೀಪು ಹೊರಡುತ್ತದೆ.

ಸೆಲ್ವರಾಜ್ ಮೇಷ್ಟ್ರು ಎಲ್ಲ ಕಾವಲುಗಳ ಮಾತು ಬಂದು ಸೇರುವ ಕಂಟ್ರೋಲನ್ನು ಶಾಲೆಯ ಜಗಲಿಯಲ್ಲಿ ಇಟ್ಟಿದ್ದರು. ಅಲ್ಲಿ ನೆರೆದಿದ್ದ ಓಟಗಾರರ ಮನೆಯವರಿಗೆ ಕೇಳಲೆಂದು ಅವರ ಸೆಟ್ಟಿಗೆ ಧ್ವನಿವರ್ಧಕ ಸಿಕ್ಕಿಸಿದ್ದರು. ನಾವು ಗುಡ್ಡದಲ್ಲಿ ಆಡುವ ಪ್ರತಿ ಮಾತೂ ಮೈದಾನಕ್ಕೆಲ್ಲ ಕೇಳುತ್ತಿತ್ತು.

ನನ್ನನ್ನು ಜೀಪಿನಲ್ಲಿ ಕರೆದೊಯ್ದು ದಾರಿ ಕವಲೊಡೆಯುವ ಕಡೆ ಇಳಿಸಿದರು. ಬಲಗಡೆಯದು ಓಟದ ದಾರಿ, ಕೆರೆ ಕಟ್ಟೆಯ ಮೇಲೆ ಹೋಗುತ್ತದೆ. ಎಡಗಡೆ ಲಂಟಾನ ಪೊದೆ, ಅದರಾಚೆ ಆನೆ ಬರದಂತೆ ತೋಡಿದ ಕಂದಕ, ಆಮೇಲೆ ಕಾಡು. ಕೊಡೆ, ಪ್ಲಾಸ್ಟಿಕ್ ಕುರ್ಚಿ, ನೀರಿನ ಕ್ಯಾನು ಕೊಟ್ಟಿದ್ದರು. ಬಿಸಿಲೂ ಏರಿರಲಿಲ್ಲ.

ಪಕ್ಕದ ರಾಗಿ ಹೊಲದ ಮುನಿಯಮ್ಮ ಹಸು ಬಿಟ್ಟು ನೋಡಲು ಬಂದಳು. ಮೊದಲ ನಾಲ್ಕೈದು ಜನ ದಾಟಿದ್ದೇ ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕಳು.

"ಅಲ್ಲ ಕಣಮ್ಮೋ, ಎಮ್ಮೆ ಕಟ್ಕೊಂಡು ನಾವು ಓಡಿದ್ರೆ ಯಾರೂ ಕಪ್ಪು ಕೊಡಾಕಿಲ್ಲ. ನಾಯಿ ಕಟ್ಕೊಂಡ್ರೆ ಕೊಡ್ತಾರಾ?"

"ಕೊಡ್ತಾರಂತೆ."

"ಯಾರ್ಗೆ, ನಾಯ್ಗಾ ಮನುಸ್ರಿಗಾ?"

ನನಗೂ ನಗು ತಡೆಯಲಿಲ್ಲ. ಹುಗ್ಗಿ ಕೊಟ್ಟೆ. ಕಣ್ಣಿಗೊತ್ತಿಕೊಂಡು ತಿಂದಳು. ನಂಬರು ಬಂದಾಗಲೆಲ್ಲ ನಾನು ಸೆಟ್ಟು ಒತ್ತಿ, "ಹನ್ನೊಂದು ಪಾಸ್, ಓವರ್," "ಮೂವತ್ತು ಪಾಸ್, ಓವರ್" ಎನ್ನುತ್ತಿದ್ದೆ. ಮೇಷ್ಟ್ರು "ಸರಿ ಸರೋಜಮ್ಮಾ" ಎನ್ನುತ್ತಿದ್ದರು. ಇಷ್ಟು ಜನರ ನಡುವೆ ನನ್ನ ಹೆಸರು ಗೌರವದಿಂದ ಕೇಳುವುದು ಹಿತವಾಗಿಯೇ ಇತ್ತು.

ಆಮೇಲೆ ಇಪ್ಪತ್ತೇಳು ಬಂದಳು. ಕಾಲೇಜು ಓದುವ ವಯಸ್ಸಿನ ಹುಡುಗಿ, ಕಂದು ಬಣ್ಣದ ನಾಯಿ. ನಮ್ಮನ್ನು ದಾಟಿ ನಾಲ್ಕು ಮಾರು ಹೋಗಿ ನಿಂತಳು. ಹಿಂದೆ ಮುಂದೆ ನೋಡಿ, ಬಲಕ್ಕೆ ಹೋಗುವುದು ಬಿಟ್ಟು ಎಡದ ಪೊದೆಗೆ ನುಗ್ಗಿದಳು.

"ಆ ಮಗಾ ಅಡ್ಡದಾರಿ ಇಡೀತಲ್ಲಾ," ಎಂದಳು ಮುನಿಯಮ್ಮ.

"ಸುಮ್ನಿರೇ. ಹೆಣ್ಮಗು, ಒಂದಕ್ಕೆ ಹೋಗಿರ್ತಾಳೆ."

ಕುರ್ಚಿಯನ್ನು ಕೆರೆಯ ಕಡೆಗೆ ತಿರುಗಿಸಿ, ಪೊದೆಗೆ ಬೆನ್ನು ಹಾಕಿ ಕೂತೆ. ಹೆಣ್ಣಿಗೆ ಹೆಣ್ಣು ಇಷ್ಟಾದರೂ ಮರೆ ಕೊಡಬೇಕು ಎಂದು ನಮ್ಮಮ್ಮ ಕಲಿಸಿದ್ದು. ಸೆಟ್ಟು ಕೈಯಲ್ಲಿತ್ತು. ಏನೆಂದು ಹೇಳಲಿ? ಇಪ್ಪತ್ತೇಳು ಪೊದೆಗೆ ಹೋದಳು ಎಂದು ಅಷ್ಟು ಗಂಡಸರ ಕಿವಿಗೆ, ಮೈದಾನದ ಧ್ವನಿವರ್ಧಕಕ್ಕೆ ಹಾಕಲೇ? ಎರಡು ನಿಮಿಷಕ್ಕೆ ಹೊರಗೆ ಬಂದು ಓಡುತ್ತಾಳಲ್ಲ ಎಂದುಕೊಂಡು ಗುಂಡಿ ಒತ್ತಿದೆ.

"ಇಪ್ಪತ್ತೇಳು ಪಾಸ್, ಓವರ್."

ಮುನಿಯಮ್ಮ ಡೈರಿಗೆ ಹಾಲು ಹಾಕಲು ಹೋದಳು. ಗಾಳಿ ಶುರುವಾಗಿ ಸೆಟ್ಟಿನ ಮಾತು ಕೇಳಿಸದೆ ನಾನು ಇಯರ್‌ಫೋನ್ ಸಿಕ್ಕಿಸಿಕೊಂಡೆ. ಮತ್ತೊಂದಷ್ಟು ಜನ ಬಂದರು, ನಂಬರು ಹೇಳಿದೆ. ಎಲ್ಲೋ ನಾಯಿ ಬೊಗಳುವುದು ಸಣ್ಣಗೆ ಕೇಳಿತು. ಬೆಳಗಿನಿಂದ ಊರ ನಾಯಿಗಳು ಈ ಓಟದ ನಾಯಿಗಳನ್ನು ಕಂಡು ಬೊಗಳುತ್ತಲೇ ಇದ್ದವು. ಅವೇ ಇರಬೇಕು ಎಂದುಕೊಂಡೆ.

ಬಿಸಿಲೇರಿದ ಮೇಲೆ ಮೇಷ್ಟ್ರ ದನಿ ಬಂತು. "ಸರೋಜಮ್ಮಾ, ಇಪ್ಪತ್ತೇಳು ಮುಂದಿನ ಕಾವಲಿಗೆ ಬಂದಿಲ್ಲ. ನಿಮ್ಮ ಹತ್ರ ಪಾಸ್ ಆಗಿದೆಯಲ್ಲಾ ಮಾ?"

ತಿರುಗಿ ಪೊದೆಯ ಕಡೆ ನೋಡಿದೆ. ಏನೂ ಅಲುಗುತ್ತಿರಲಿಲ್ಲ. ನಾನು ಕೆರೆ ನೋಡುತ್ತಿದ್ದಾಗ ಬೇರೆಯವರ ಗುಂಪಿನ ಜೊತೆ ಸೇರಿ ಹೋಗಿರಬಹುದಲ್ಲ. ಈಗ ಬೇರೆ ಹೇಳಿದರೆ ಆಗ ಸುಳ್ಳು ಹೇಳಿದಂತಾಗುತ್ತದೆ.

"ಪಾಸ್ ಆಗಿದೆ ಸಾರ್, ಓವರ್."

ಜೀಪು ಕೆರೆ ಕಟ್ಟೆಯ ಮೇಲೆ ಹೋಯಿತು. ಕಟ್ಟೆಯಲ್ಲಿ ಹುಡುಕಿದರು, ತೋಪಿನಲ್ಲಿ ಹುಡುಕಿದರು. ನಾನು ಕುರ್ಚಿಯ ಅಂಚಿನಲ್ಲಿ ಕೂತು ರಾಮ ರಾಮ ಎನ್ನುತ್ತಿದ್ದೆ. ಬಾಯಿ ಜಪ ಮಾಡುತ್ತಿತ್ತು, ಕೈ ಗುಂಡಿ ಒತ್ತುತ್ತಿರಲಿಲ್ಲ. ಆಗ ಜೀಪಿನವನೊಬ್ಬ ಸೆಟ್ಟಿನಲ್ಲಿ ಹೇಳಿದ: "ಸಾರ್, ಕೆರೆ ತುಂಬೈತೆ. ನಾಯಿ ನೀರಿಗೆ ಎಳ್ಕೊಂಡು ಓಗಿರ್ಬೋದು. ಈಜೋರ್ನ ಕಳಿಸ್ತೀರಾ?"

ಮೇಷ್ಟ್ರು ಉತ್ತರಿಸಲು ಗುಂಡಿ ಒತ್ತಿದಾಗ ಅವರ ಮಾತಿಗೆ ಮುಂಚೆ ಬೇರೊಂದು ದನಿ ಕೇಳಿತು. ಹೆಂಗಸಿನ ದನಿ. "ಅಯ್ಯೋ ನನ್ನ ಕೂಸೇ!" ಧ್ವನಿವರ್ಧಕದ ಪಕ್ಕದಲ್ಲೇ ಹುಡುಗಿಯ ತಾಯಿ ನಿಂತಿದ್ದಳು. ಇಷ್ಟು ಹೊತ್ತೂ ಅವಳು ನನ್ನ "ಪಾಸ್" ಕೇಳುತ್ತಿದ್ದಳು.

ಗುಂಡಿ ಒತ್ತಿದೆ. "ಸಾರ್, ಅವಳು ಕೆರೆ ಕಡೆ ಹೋಗಲಿಲ್ಲ. ಎಡಗಡೆ ಪೊದೆಗೆ ಹೋದಳು. ಮೂತ್ರಕ್ಕೆ ಹೋಗಿರಬೇಕು ಅಂತ... ಹೇಳೋಕೆ ನಾಚಿಕೆಯಾಗಿ ಪಾಸ್ ಅಂದೆ. ವಾಪಸ್ ಬಂದಿದ್ದು ನಾನು ನೋಡಿಲ್ಲ. ತಪ್ಪಾಯ್ತು ಸಾರ್."

ಓವರ್ ಎನ್ನಲು ಮರೆತೆ. ಮೇಷ್ಟ್ರು, "ಜೀಪ್ ತಿರುಗಿಸಿ. ಕಂದಕದ ಕಡೆ," ಎಂದರು.

ಅಷ್ಟರಲ್ಲಿ ಖಾಲಿ ಹಾಲಿನ ಕ್ಯಾನು ಹಿಡಿದು ಮುನಿಯಮ್ಮ ಬಂದಳು. ವಿಷಯ ಹೇಳಿದ್ದೇ ಕ್ಯಾನು ಬಿಸಾಕಿ, ಸೀರೆ ಎತ್ತಿ ಕಟ್ಟಿ ಪೊದೆಗೆ ನುಗ್ಗಿದಳು. ನಾನೂ ಹಿಂದೆಯೇ ಓಡಿದೆ. ಅವಳು ಕೂಗಿಕೊಂಡಳು. "ಇಲ್ಲವ್ಳೆ ಕಣಮ್ಮೋ! ಕಂದಕದಾಗವ್ಳೆ! ಉಸ್ರಾಡ್ತಾವ್ಳೆ!"

ನನ್ನ ಕುರ್ಚಿಗೂ ಆ ಜಾಗಕ್ಕೂ ಒಂದು ಕೂಗಳತೆಯೂ ಇರಲಿಲ್ಲ. ಮಣ್ಣು ಕುಸಿದು ಅರ್ಧ ಮುಚ್ಚಿದ ಕಂದಕ. ಹುಡುಗಿಯ ಕಾಲು ಮೀನಖಂಡದ ಹತ್ತಿರ ಸೊಟ್ಟಗಾಗಿತ್ತು. ಹೆಸರು ದಿವ್ಯಾ ಎಂದಳು. ನಾಯಿ ಅವಳ ಹೊಟ್ಟೆಗೆ ಒತ್ತಿಕೊಂಡು ಮಲಗಿತ್ತು. ಬೊಗಳಿ ಬೊಗಳಿ ಅದಕ್ಕೆ ಗಂಟಲು ಕಟ್ಟಿತ್ತು. ಕಂದಕದ ಆಚೆ ದಡದಲ್ಲಿ ಆನೆ ಲದ್ದಿ ಬಿದ್ದಿತ್ತು. ಹಳೆಯದೋ ಹೊಸದೋ ನಾನು ನೋಡಲು ಹೋಗಲಿಲ್ಲ.

ಮರಳುವ ಪ್ರಯಾಣ ಬಸ್ಸಿನಲ್ಲಿ ಆಗಲಿಲ್ಲ. ದಿವ್ಯಾಳನ್ನು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಬಂಗಾರಪೇಟೆಯ ಆಸ್ಪತ್ರೆಗೆ ಹೊರಟರು. ಶಾಲೆಯ ಹತ್ತಿರ ಹತ್ತಿದ ತಾಯಿ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ನಾಯಿಯನ್ನು ಹಿಡಿಯಲು ಒಬ್ಬರು ಬೇಕಿತ್ತು, ನಾನು ಹತ್ತಿದೆ. ನಸುಕಿನಲ್ಲಿ ಮಡಿಯುಟ್ಟು ಪೂಜೆ ಮಾಡಿ ಬಂದಿದ್ದ ನಾನು ಮಣ್ಣು ಮೆತ್ತಿದ ನಾಯಿಯನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಅದು ನನ್ನ ಕೈ ನೆಕ್ಕಿತು. ಅದಕ್ಕೇನು ಗೊತ್ತು.

ದಾರಿಯಲ್ಲಿ ಅಭ್ಯಾಸಬಲದಿಂದ ಸ್ವಾಮಿಯ ಉಪಕಾರಗಳನ್ನು ಎಣಿಸಲು ಹೋದೆ. ಹುಡುಗಿ ಬದುಕಿದ್ದಾಳೆ. ತಲೆಗೆ ಪೆಟ್ಟಿಲ್ಲ. ಆನೆ ಇಳಿಯಲಿಲ್ಲ. ಆದರೆ ಇವೆಲ್ಲ ಅವಳಿಗೆ ಆದ ಉಪಕಾರ. ನನ್ನ ಲೆಕ್ಕಕ್ಕೆ ಬರೆದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ದಿವ್ಯಾ ಕಣ್ಣು ಬಿಟ್ಟಳು. "ಆಂಟಿ, ನೀವೇ ಅಲ್ವಾ ಕೊಡೆ ಕೆಳಗೆ ಕೂತಿದ್ದು?"

"ಹೂಂ, ನಾನೇ ಮಗಾ."

"ಮೊಣಕೈ ಊರಿ ತಲೆ ಎತ್ತಿದ್ರೆ ಪೊದೆ ಸಂದಿನಲ್ಲಿ ನೀವು ಕಾಣ್ತಿದ್ರಿ. ಕೂಗಿದೆ. ಕೈ ಬೀಸ್ತಾನೇ ಇದ್ದೆ. ನಿಮ್ಮ ಬೆನ್ನೇ ಕಾಣ್ತಿತ್ತು."

ಅವಳ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಆದದ್ದನ್ನು ಆದಂತೆ ಹೇಳಿದಳು, ಅಷ್ಟೆ. ಕಂಡದ್ದನ್ನು ಹೇಳಬೇಕೆಂದು ಅವಳಿಗೆ ಯಾವ ಮೇಷ್ಟ್ರೂ ಕಲಿಸಿರಲಿಲ್ಲ. "ನಿನಗೆ ಮರೆಯಾಗಲಿ ಅಂತ ತಿರುಗಿ ಕೂತೆ ಮಗಾ. ಆಮೇಲೆ ಕೇಳಿದಾಗಲೂ ಸುಳ್ಳು ಹೇಳಿದೆ," ಎಂದೆ. ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಜೀಪು ಹಳ್ಳಕ್ಕಿಳಿಯಿತು, ಅವಳು ನೋವಿಗೆ ಹಲ್ಲು ಕಚ್ಚಿದಳು. ತಾಯಿ ನನ್ನ ಮುಖ ನೋಡದೆ ಮಗಳ ಹಣೆ ಒರೆಸುತ್ತಿದ್ದಳು.

ರೈಲ್ವೆ ಸೇತುವೆ ದಾಟಿ ಆಸ್ಪತ್ರೆ ಸೇರಿದೆವು. ತಾಯಿ ನನ್ನ ಕೈಯಿಂದ ನಾಯಿಯ ಹಗ್ಗ ತೆಗೆದುಕೊಂಡಳು. "ನೀವು ಮನೆಗೆ ಹೋಗೀಮ್ಮಾ. ನಿಮ್ಮೋರು ಕಾಯ್ತಿರ್ತಾರೆ," ಎಂದಳು. ಬೈದಿದ್ದರೆ ಒಳ್ಳೆಯದಿತ್ತು.

ಮನೆ ಅಲ್ಲಿಗೆ ಹತ್ತು ನಿಮಿಷದ ನಡಿಗೆ. ನಾನು ಹೋಗಲಿಲ್ಲ. ದಿವ್ಯಾಳನ್ನು ಮಲಗಿಸಿದ ಗಾಲಿಮಂಚವನ್ನು ತಳ್ಳಿಕೊಂಡು ಹೋಗುತ್ತಿದ್ದರು. ಉದ್ದನೆಯ ಓಣಿಯ ಕೊನೆಯ ಬಾಗಿಲಲ್ಲಿ ಅವಳು ಮೊಣಕೈ ಊರಿ ತಲೆ ಎತ್ತಿ, ನನ್ನ ಕಡೆಗೆ ಕೈ ಬೀಸಿದಳು. ನಾನೂ ಬೀಸಿದೆ. ಬಾಗಿಲು ಮುಚ್ಚಿತು. ಗಾಜಿನ ಹಿಂದೆ ಏನೂ ಕಾಣದಾದ ಮೇಲೂ ನಾನು ಆ ಕಡೆಗೇ ಮುಖ ಮಾಡಿ ನಿಂತಿದ್ದೆ.