‘ಬರ್ತೇನಿ’ಯ ಬಾಲ

ಗೆಳೆಯಾ, ನಮ್ಮ ಗಂಗವ್ವನ ಅಡುಗೆಮನೆಯ ಗೋಡೆಗೆ ಎರಡು ಮಣೆಗಳು ಒರಗಿವೆ. ಒಂದು ಕೂತು ಕೂತು ನುಣುಪಾದದ್ದು, ಇನ್ನೊಂದು ದಿನಾ ಒರೆಸಿಕೊಂಡೂ ಯಾರೂ ಕೂಡದೆ ಉಳಿದದ್ದು.

ಈ ಎರಡನೆಯದು ಜರ್ಮನ್ ಮಾಸ್ತರರದು. ಹಾನಗಲ್ಲಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತ, ವಿಧವೆ ಗಂಗವ್ವನ ಮನೆಯಲ್ಲಿ ಬಾಡಿಗೆಗಿದ್ದವ ನಾನು. ಹಿಂದಿಲ್ಲ ಮುಂದಿಲ್ಲ, ಊರ ತುಂಬ ಜನ, ಮಾತಿಗೊಬ್ಬರಿಲ್ಲ. ಮಾಸ್ತರರೋ ಮಿಶನ್ನಿನ ಕೆಲಸಕ್ಕೆಂದು ಜರ್ಮನಿಯಿಂದ ಬಂದು ಇಲ್ಲೇ ತಲೆ ನರೆಸಿಕೊಂಡವರು. ಸಂಜೆ ನಮ್ಮಲ್ಲಿ ರೊಟ್ಟಿ ಉಣ್ಣುತ್ತ ತಮ್ಮ ಭಾಷೆಯನ್ನು ನನಗೆ ಬಡಿಸುವರು.

ನಮ್ಮ ಕನ್ನಡ ಬಾಲದ ಭಾಷೆ, ನೋಡು. ಮನೆಗೆ, ಮನೆಯಿಂದ, ಮನೆಯಲ್ಲಿ, ಎಲ್ಲವೂ ಹಿಂದೆ ಹತ್ತಬೇಕು. ಅವರ ಕಡೆಯದು ತಲೆಯ ಭಾಷೆ, ಉಪಸರ್ಗಗಳು ಶಬ್ದದ ತಲೆಗೇ ಹತ್ತುತ್ತವೆ. ಆ ಉಪಸರ್ಗಗಳಲ್ಲಿ ಎಷ್ಟೋ, ಒಂದು ಕಾಲಕ್ಕೆ ಸ್ವಂತ ಕಾಲ ಮೇಲೆ ನಡೆದಾಡುತ್ತಿದ್ದ ಶಬ್ದಗಳಂತೆ. ಇಂಗ್ಲಿಷಿನ ‘ಫರ್ಗೆಟ್’ ಎಂಬಲ್ಲಿ ‘ಗೆಟ್’ ಹಿಡಿಯುವುದು, ‘ಫರ್’ ದೂರ ಸರಿಸುವುದು. ಮರೆವೆಂದರೆ ಕೈಹಿಡಿತ ತಪ್ಪುವುದು. ಜರ್ಮನ್ನಿನ ‘ಫೆರ್’ ಅದರ ಒಡಹುಟ್ಟು. ಆದರೆ ಆ ಭಾಷೆಯ ಕೆಲವು ಉಪಸರ್ಗಗಳಿಗೆ ಕ್ರಿಯಾಪದದ ಜೊತೆ ಬಾಳುವೆಯೇ ಆಗದು. ಅದನ್ನು ಬಿಟ್ಟು ನಡೆದು, ವಾಕ್ಯದ ತುದಿಯಲ್ಲಿ ಒಂಟಿಯಾಗಿ ನಿಲ್ಲುತ್ತವೆ. ‘ಕೊಮ್ಮೆ’ ಎಂದರೆ ಬರುತ್ತೇನೆ. ಕೊನೆಯಲ್ಲಿ ‘ತ್ಸುರುಕ್’ ಬಿದ್ದರೆ ಮರಳಿ ಬರುತ್ತೇನೆ. ಮೂಲದಲ್ಲಿ ಬರೀ ‘ಸುತ್ತ’ ಎಂದಿದ್ದ ‘ಉಮ್’ ಬಿದ್ದರೆ, ಸಾಯುತ್ತೇನೆ. ಅಲ್ಲಿಯವರೆಗೆ ಕೇಳುವವನು ಬಾಯಿ ತೆರೆದುಕೊಂಡು ಕಾಯಬೇಕು. ಸಂಸ್ಕೃತದಲ್ಲಿ ಉಪಸರ್ಗಕ್ಕೆ ಕೇಡು ಎಂಬ ಅರ್ಥವೂ ಉಂಟೆಂದು ನಾನು ಹೇಳಿದಾಗ ಮಾಸ್ತರರು ಕೆಮ್ಮು ಬರುವಷ್ಟು ನಕ್ಕಿದ್ದರು.

ಅವರ ಒಂದು ತಪ್ಪನ್ನು ಮಾತ್ರ ತಿದ್ದಲಾಗಲಿಲ್ಲ. ಹೊರಡುವಾಗ ‘ಹೋಗ್ತೇನಿ’ ಎಂದುಬಿಡುವರು. ಹೊಸ್ತಿಲ ಮೇಲೆ ಅಂಥ ಅಪಶಕುನ ಆಡಬಾರದು, ಹೋಗುವವರು ‘ಬರ್ತೇನಿ’ ಎನ್ನಬೇಕು ಎಂದು ಗಂಗವ್ವ ಪ್ರತಿ ಸಲ ಗದರುವಳು. ಹೋಗುವವ ಬರುತ್ತೇನೆ ಎನ್ನುವುದು ಯಾವ ನ್ಯಾಯ ಎಂದು ಅವರ ವ್ಯಾಕರಣ ಹಟ ಹಿಡಿಯುವುದು.

ಯುದ್ಧ ಶುರುವಾಯಿತು. ಶತ್ರುದೇಶದವರೆಂದು ಅವರನ್ನು ಕ್ಯಾಂಪಿಗೆ ಒಯ್ಯಲು ಪೊಲೀಸರು ಬಂದಾಗ, ಅರ್ಧ ರೊಟ್ಟಿ ಬಿಟ್ಟು ಎದ್ದರು. ಹೊಸ್ತಿಲಲ್ಲಿ ತಿರುಗಿ ನಿಂತರು.

“ಬರ್ತೇನಿ, ಗಂಗವ್ವಾ.”

ತಪ್ಪಿಲ್ಲದ ಕನ್ನಡ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನೋ, ಆ ಹಾಳು ಜರ್ಮನ್ ಕಲಿತ ತಪ್ಪಿಗೆ, ಈ ಬರ್ತೇನಿಯ ಬಾಲ ತ್ಸುರುಕ್ಕೋ ಉಮ್ಮೋ ಎಂದು ವರುಷಗಟ್ಟಲೆ ಕಿವಿ ನಿಮಿರಿಸಿ ಕೂತೆ. ಹೇಳಲಿಕ್ಕೆ ನಾಚಿಕೆ ಏಕೆ, ಆ ಸಂಜೆಗಳು ನನ್ನನ್ನು ತಿಂದುಹಾಕಿದವು. ಎದುರಿಗೆ ಅವರ ಮಣೆಯಿಲ್ಲದೆ ನಾನೂ ಅರ್ಧ ರೊಟ್ಟಿ ಬಿಟ್ಟು ಏಳುತ್ತಿದ್ದೆ.

ಯುದ್ಧ ಮುಗಿದ ಮೇಲೆ, ಹಿರೇಕೆರೂರಿಗೆ ಹೋದಾಗ ಮಿಶನ್ನಿನವರೊಬ್ಬರು ಸಂತೆಯಲ್ಲಿ ಸಿಕ್ಕರು. ಮಾಸ್ತರರು ಕ್ಯಾಂಪಿನಲ್ಲೇ ಜ್ವರ ಬಂದು ತೀರಿಕೊಂಡು ಬಹಳ ದಿನವಾಯಿತೆಂದರು. ಅಂತೂ ವಾಕ್ಯ ಮುಗಿದಿತ್ತು.

ಮನೆಗೆ ಬಂದರೆ ಗಂಗವ್ವ ಎಂದಿನಂತೆ ಎರಡನೆಯ ಮಣೆ ಒರೆಸುತ್ತಿದ್ದಳು. ಇನ್ನು ಅದನ್ನು ಅಟ್ಟಕ್ಕೆ ಹಾಕಿಬಿಡೋಣ ಎಂದಷ್ಟೇ ಅಂದೆ.

“ಇರ್ಲಿ ಬಿಡ್ರಿ,” ಎಂದಳು, “ಬರ್ತೇನಿ ಅಂದಾರ.”

ಬಾಲ ಯಾವುದೆಂದು ನಾನು ಹೇಳಲಿಲ್ಲ. ಅವಳ ಕೈಯಿಂದ ಮಣೆ ಇಸಿದುಕೊಂಡು, ನನ್ನದರ ಎದುರಿಗೆ ಹಾಕಿ, ಊಟಕ್ಕೆ ಕೂತೆ.